ರಾತ್ರಿ ಕುಡಿದದ್ದೋ, ಜ್ವರವೋ? ಹ್ಯಾಂಗೋವರ್ ದೋಷ ಪತ್ತೆಯ ಕೈಪಿಡಿ

ಬಾಗಲಕೋಟೆಯ ನವನಗರದಲ್ಲಿ ಒಂದು ಚಿಕ್ಕ ರಕ್ತ ಪರೀಕ್ಷೆಯ ಲ್ಯಾಬ್‌ನಲ್ಲಿ ನಾನು ಕೆಲಸ ಮಾಡುತ್ತೇನೆ. ಮದುವೆ ಸೀಸನ್‌ನಲ್ಲಿ ಸೋಮವಾರ ಬೆಳಿಗ್ಗೆ ಬರುವವರಲ್ಲಿ ಒಂದಿಬ್ಬರ ಮುಖ ನೋಡಿದರೆ ಸಾಕು, ಗೊತ್ತಾಗುತ್ತದೆ. ಕಣ್ಣು ಕೆಂಪಗಿರುತ್ತದೆ. ಟ್ಯೂಬ್‌ಲೈಟ್ ಬೆಳಕೂ ಆಗಿಬರುವುದಿಲ್ಲ. ಕುರ್ಚಿಯಲ್ಲಿ ಕೂತವರು ತಲೆ ಎತ್ತುವುದಿಲ್ಲ. "ಮೂರು ಲೀಟರ್ ನೀರು ಕುಡದೀನ್ರಿ, ಲಿಂಬು ಸೋಡಾ ಕುಡದೀನಿ, ಆದ್ರೂ ಇಳೀವಲ್ದು" ಎನ್ನುತ್ತಾರೆ. ಆಮೇಲೆ ಇನ್ನೊಂದು ಮಾತು ಸೇರಿಸುತ್ತಾರೆ: "ಮೈಕೈ ಎಲ್ಲಾ ಜ್ವರ ಬಂದಂಗ ನೋಯಾಕತ್ತಾವ್ರಿ."

ಆ ಎರಡನೇ ಮಾತು ಬಹಳ ಮುಖ್ಯ. ಅವರು ಸುಮ್ನೆ ಹೋಲಿಕೆ ಹೇಳುತ್ತಿಲ್ಲ. ಜ್ವರ ಬಂದಾಗ ದೇಹದ ರೋಗನಿರೋಧಕ ವ್ಯವಸ್ಥೆ ಯಾವ ಎಚ್ಚರಿಕೆ ಕಳಿಸುತ್ತದೆಯೋ, ಹ್ಯಾಂಗೋವರ್‌ನಲ್ಲೂ ಬಹುಮಟ್ಟಿಗೆ ಅದನ್ನೇ ಕಳಿಸುತ್ತದೆ. ಅದಕ್ಕೇ ಎರಡೂ ಒಂದೇ ಥರ ಅನಿಸುತ್ತವೆ. ಅದಕ್ಕೇ ಮನೆಯಲ್ಲಿ ಎರಡನ್ನೂ ಅದಲುಬದಲು ಮಾಡಿಕೊಳ್ಳುತ್ತೇವೆ. ನಾನೂ ಒಮ್ಮೆ ಮಾಡಿಕೊಂಡಿದ್ದೇನೆ, ಅದನ್ನು ಮುಂದೆ ಹೇಳುತ್ತೇನೆ. ಮಾತ್ರೆ ನುಂಗುವ ಮೊದಲು, "ಮಲ್ಕೊಂಡ್ರ ಹೋಗ್ತದ ಬಿಡು" ಎನ್ನುವ ಮೊದಲು ಏನೇನು ನೋಡಬೇಕು ಎಂದು ತಿಳಿಸುವುದಕ್ಕೇ ಇದನ್ನು ಬರೆದಿದ್ದೇನೆ.

ಮೊದಲು ಗಡಿಯಾರ ನೋಡಿ

ಹ್ಯಾಂಗೋವರ್‌ಗೆ ಒಂದು ಸಮಯ ಇದೆ. ನಶೆ ಏರಿದಾಗ ಅದು ಬರುವುದಿಲ್ಲ. ರಕ್ತದಲ್ಲಿನ ಮದ್ಯ ಇಳಿಯುತ್ತಾ ಸೊನ್ನೆಯ ಹತ್ತಿರ ಬಂದಾಗ ಶುರುವಾಗುತ್ತದೆ, ಆ ಹೊತ್ತಿಗೇ ಜೋರಾಗಿರುತ್ತದೆ. ಸಾಮಾನ್ಯವಾಗಿ ಒಂದು ದಿನದೊಳಗೆ ಮುಗಿಯುತ್ತದೆ.

ಹಾಗಾದರೆ ಸೊನ್ನೆಗೆ ಬರುವುದು ಎಷ್ಟು ಗಂಟೆಗೆ? ಲೆಕ್ಕ ಹಾಕಬಹುದು. ನಮ್ಮಲ್ಲಿ ಸಿಗುವ ವಿಸ್ಕಿ, ಬ್ರಾಂದಿ, ರಮ್ಮಿನ ಬಾಟಲಿ ಮೇಲೆ 42.8 ಶೇಕಡಾ ಎಂದು ಬರೆದಿರುತ್ತದೆ. ಅಂದರೆ 180 ಎಂಎಲ್‌ನ ಒಂದು ಕ್ವಾರ್ಟರ್‌ನಲ್ಲಿ ಸುಮಾರು 60 ಗ್ರಾಂ ಶುದ್ಧ ಮದ್ಯಸಾರ ಇದೆ. 650 ಎಂಎಲ್‌ನ ಸ್ಟ್ರಾಂಗ್ ಬಿಯರ್ 8 ಶೇಕಡಾದ್ದಾಗಿದ್ದರೆ ಸುಮಾರು 40 ಗ್ರಾಂ. ಲಿವರ್ ಗಂಟೆಗೆ ಹೆಚ್ಚುಕಡಿಮೆ 7ರಿಂದ 10 ಗ್ರಾಂ ಮಾತ್ರ ಕರಗಿಸುತ್ತದೆ. ಚಹಾ ಕುಡಿದರೂ ಅಷ್ಟೇ, ತಣ್ಣೀರು ಸ್ನಾನ ಮಾಡಿದರೂ ಅಷ್ಟೇ. ರಾತ್ರಿ 9ಕ್ಕೆ ಶುರು ಮಾಡಿ ಒಂದು ಕ್ವಾರ್ಟರ್ ಮುಗಿಸಿದವನ ರಕ್ತ ಬೆಳಗಿನ ಜಾವ 3ರಿಂದ 6 ಗಂಟೆಯೊಳಗೆ ತಿಳಿಯಾಗುತ್ತದೆ. ಅವನಿಗೆ ಬೆಳಿಗ್ಗೆ 7ಕ್ಕೆ ತಲೆ ಸಿಡಿದರೆ ಲೆಕ್ಕ ಸರಿ ಹೋಯಿತು.

ಅದೇ ಎರಡು ಕ್ವಾರ್ಟರ್ ಕುಡಿದಿದ್ದರೆ? 120 ಗ್ರಾಂ. ಮರುದಿನ ಬೆಳಿಗ್ಗೆ 9ರಿಂದ ಮಧ್ಯಾಹ್ನ 2ರವರೆಗೂ ಎಳೆಯಬಹುದು. ಇವನು ಬೆಳಿಗ್ಗೆ ಎದ್ದು "ನನಗೇನೂ ಆಗಿಲ್ಲ" ಎಂದು ಬೈಕ್ ಹತ್ತುತ್ತಾನೆ. ಅವನಿಗೆ ಹ್ಯಾಂಗೋವರ್ ಇಲ್ಲ ನಿಜ, ಯಾಕೆಂದರೆ ನಶೆ ಇನ್ನೂ ಇಳಿದಿಲ್ಲ. ಅವನ ಕೈಯಿಂದ ದಯವಿಟ್ಟು ಗಾಡಿ ಕೀ ತೆಗೆದುಕೊಳ್ಳಿ. ಮಧ್ಯಾಹ್ನ ಹೊತ್ತೇರಿದ ಮೇಲೆ ಅವನಿಗೆ ತಲೆನೋವು, ವಾಕರಿಕೆ ಶುರುವಾಗುತ್ತದೆ. ಆಗ ಮನೆಯವರು ಬಿಸಿಲು ಬಡಿಯಿತು ಎಂದುಕೊಳ್ಳುತ್ತಾರೆ.

ಸಮಯ ಹೊಂದದಿದ್ದರೆ ಅನುಮಾನ ಪಡಿ. ಕುಡಿದು ಒಂದು ದಿನ, ಒಂದು ರಾತ್ರಿ ಕಳೆದ ಮೇಲೂ ಮೈಕೈ ನೋವು ಹೆಚ್ಚುತ್ತಲೇ ಇದ್ದರೆ ಅದು ಬೇರೆ ಏನೋ.

ನೀರು ಕುಡಿದರೂ ಯಾಕೆ ಇಳಿಯುವುದಿಲ್ಲ

ಮದ್ಯ ಮೂತ್ರವನ್ನು ಹಿಡಿದಿಡುವ ವಾಸೋಪ್ರೆಸಿನ್ ಎಂಬ ಹಾರ್ಮೋನನ್ನು ತಗ್ಗಿಸುತ್ತದೆ. ಹಾಗಾಗಿ ಪದೇ ಪದೇ ಹೊರಗೆ ಹೋಗಬೇಕಾಗುತ್ತದೆ, ಮೈಯಲ್ಲಿ ನೀರು ಕಡಿಮೆಯಾಗುತ್ತದೆ. ಇದು ಸುಳ್ಳಲ್ಲ. ಆದರೆ ಅದೊಂದೇ ದೋಷವಾಗಿದ್ದರೆ ಎರಡು ಚರಗಿ ನೀರಿಗೆ ಎಲ್ಲ ಸರಿಹೋಗಬೇಕಿತ್ತು, ಅಲ್ವಾ? ನೀರು ಬಾಯಾರಿಕೆಯನ್ನು ನೀಗಿಸುತ್ತದೆ, ಒಣಗಿದ ಬಾಯಿಯನ್ನು ಹಸಿ ಮಾಡುತ್ತದೆ. ಮೈಕೈ ನೋವು, ಮಂಕು, ಊಟ ಬೇಡ ಎನ್ನುವ ಹೊಟ್ಟೆ, ಯಾರ ಜೊತೆಗೂ ಮಾತು ಬೇಡ ಎನ್ನುವ ಮನಸ್ಸು ಹಾಗೇ ಉಳಿಯುತ್ತವೆ. ನೀರಿನ ಕೊರತೆ ಮತ್ತು ಹ್ಯಾಂಗೋವರ್ ಒಂದೇ ರಾತ್ರಿ ಬರುವ ಎರಡು ಬೇರೆ ಬೇರೆ ತೊಂದರೆಗಳು.

ದೋಷ ಇರುವುದು ಎಲ್ಲಿ

ಕರುಳಿನಿಂದ ಶುರು ಮಾಡೋಣ. ನಮ್ಮ ಕರುಳಿನಲ್ಲಿ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾಗಳಿವೆ. ಅವು ತಮ್ಮ ಜಾಗದಲ್ಲಿ ಇರುವವರೆಗೆ ತೊಂದರೆಯಿಲ್ಲ. ಕರುಳಿನ ಒಳಪದರದ ಜೀವಕೋಶಗಳು ಒಂದಕ್ಕೊಂದು ಅಂಟಿಕೊಂಡು ಒಡ್ಡು ಕಟ್ಟಿರುತ್ತವೆ. ಒಂದೇ ರಾತ್ರಿ ಜಾಸ್ತಿ ಮದ್ಯ ಬಿದ್ದರೆ ಈ ಒಡ್ಡು ಸಂದು ಬಿಡುತ್ತದೆ. ಕಾಲುವೆಯ ಏರಿ ಜಿನುಗಿದ ಹಾಗೆ. ಬ್ಯಾಕ್ಟೀರಿಯಾಗಳ ಹೊರಕವಚದ ಚೂರುಗಳು ರಕ್ತಕ್ಕೆ ಸೋರುತ್ತವೆ. ಇವನ್ನು ಎಂಡೋಟಾಕ್ಸಿನ್ ಎನ್ನುತ್ತಾರೆ.

ಕರುಳಿನ ರಕ್ತ ಮೊದಲು ಹೋಗುವುದು ಲಿವರ್‌ಗೆ. ಅಲ್ಲಿ ಕುಪ್ಫರ್ ಕೋಶಗಳೆಂಬ ಕಾವಲುಗಾರರಿದ್ದಾರೆ. ಈ ಚೂರು ಕಂಡ ಕೂಡಲೇ ಅವರಿಗೆ ಬ್ಯಾಕ್ಟೀರಿಯಾ ನುಗ್ಗಿದ ಹಾಗೆ ಅನಿಸುತ್ತದೆ. ಸೈಟೋಕೈನ್‌ಗಳೆಂಬ ಸಂದೇಶದ ಅಣುಗಳನ್ನು ಬಿಡುತ್ತಾರೆ. ಇನ್ನೊಂದು ಕಡೆ, ಲಿವರ್ ಮದ್ಯವನ್ನು ಒಡೆಯುವಾಗ ಮೊದಲು ಹುಟ್ಟುವುದು ಅಸಿಟಾಲ್ಡಿಹೈಡ್ ಎಂಬ ವಿಷ. ಅದು ಬೇಗ ಅಸಿಟೇಟ್ ಆಗಿ ಬದಲಾಗುತ್ತದೆ, ಆದರೆ ಅಷ್ಟರೊಳಗೆ ಜೀವಕೋಶಗಳನ್ನು ಗಾಸಿ ಮಾಡಿರುತ್ತದೆ. ಅದಕ್ಕೂ ರೋಗನಿರೋಧಕ ವ್ಯವಸ್ಥೆ ಓಡಿ ಬರುತ್ತದೆ.

ಈ ಸೈಟೋಕೈನ್‌ಗಳು ಮೆದುಳಿಗೆ ಹೇಳುವುದು ಮೂರೇ ಮಾತು. ಮಲಗು. ತಿನ್ನಬೇಡ. ಯಾರ ಹತ್ತಿರವೂ ಹೋಗಬೇಡ. ಸೋಂಕು ಬಂದಾಗ ಇದು ಒಳ್ಳೆಯ ಸಲಹೆ. ಶಕ್ತಿ ಉಳಿಯುತ್ತದೆ, ರೋಗ ಹರಡುವುದಿಲ್ಲ. ಹ್ಯಾಂಗೋವರ್‌ನಲ್ಲಿ ಸೋಂಕು ಇಲ್ಲ, ಸಂದೇಶ ಮಾತ್ರ ಇದೆ. ಆದರೆ ನಮಗೆ ಅನಿಸುವುದು ಸಂದೇಶವೇ.

ಇದು ಬರೀ ಊಹೆಯಲ್ಲ. 2003ರಲ್ಲಿ ದಕ್ಷಿಣ ಕೊರಿಯಾದ ವೈದ್ಯರು 20 ಆರೋಗ್ಯವಂತ ಗಂಡಸರಿಗೆ ದೇಹದ ಪ್ರತಿ ಕಿಲೋಗೆ 1.5 ಗ್ರಾಂ ಲೆಕ್ಕದಲ್ಲಿ ಮದ್ಯ ಕೊಟ್ಟು ನೋಡಿದರು. 60 ಕಿಲೋ ತೂಕದವನಿಗೆ ಇದು ಒಂದೂವರೆ ಕ್ವಾರ್ಟರ್ ಆಯಿತು. 13 ಗಂಟೆಗಳ ನಂತರ ರಕ್ತ ತೆಗೆದರು. ಇಂಟರ್‌ಲ್ಯೂಕಿನ್ 10, ಇಂಟರ್‌ಲ್ಯೂಕಿನ್ 12, ಇಂಟರ್‌ಫೆರಾನ್ ಗಾಮಾ ಈ ಮೂರೂ ಸೈಟೋಕೈನ್‌ಗಳು ಏರಿದ್ದವು. ಇಂಟರ್‌ಫೆರಾನ್ ಹೆಸರು ಕೇಳಿದಾಗ ನನಗೆ ನೆನಪಾಗುವುದು ಹಿಂದೆ ಹೆಪಟೈಟಿಸ್‌ಗೆ ಇಂಟರ್‌ಫೆರಾನ್ ಚುಚ್ಚುಮದ್ದು ತೆಗೆದುಕೊಳ್ಳುತ್ತಿದ್ದವರು. ಚುಚ್ಚಿಸಿಕೊಂಡ ದಿನ ಅವರಿಗೆ ಮೈಕೈ ನೋವು, ತಲೆನೋವು, ಚಳಿ. ಅದು ಬೇರೆ ಬಗೆಯ ಇಂಟರ್‌ಫೆರಾನ್, ಆದರೆ ಬಳಗ ಒಂದೇ. ಹೊರಗಿನಿಂದ ಕೊಟ್ಟರೂ ಸರಿ, ಒಳಗೇ ಹುಟ್ಟಿದರೂ ಸರಿ, ಈ ಅಣುಗಳು ಮನುಷ್ಯನನ್ನು ಮಲಗಿಸುತ್ತವೆ.

ನಮ್ಮ ಲ್ಯಾಬ್‌ನ ಕೆಲಸಕ್ಕೆ ಹತ್ತಿರದ ಇನ್ನೊಂದು ಅಧ್ಯಯನ 2004ರದು, ಅಮೆರಿಕದ್ದು. ಕುಡಿಯುವ 5 ಗಂಟೆ ಮೊದಲು ಕೆಲವರಿಗೆ ಒಂದು ಜಾತಿಯ ಪಾಪಾಸುಕಳ್ಳಿಯ ಸಾರ ಕೊಟ್ಟರು, ಕೆಲವರಿಗೆ ಹುಸಿ ಮಾತ್ರೆ. ಮರುದಿನ ಸಿಆರ್‌ಪಿ ನೋಡಿದರು. ಸಿಆರ್‌ಪಿ ಎಂದರೆ ಉರಿಯೂತ ಇದ್ದಾಗ ಲಿವರ್ ತಯಾರಿಸುವ ಪ್ರೋಟೀನು, ಜ್ವರದವರಿಗೆ ನಾವು ದಿನಾ ಮಾಡುವ ಪರೀಕ್ಷೆ. ಹುಸಿ ಮಾತ್ರೆ ತಿಂದಾಗ ಅದು 40 ಶೇಕಡಾ ಜಾಸ್ತಿ ಇತ್ತು. ಸಿಆರ್‌ಪಿ ಹೆಚ್ಚಿದ್ದವರಿಗೆ ಹ್ಯಾಂಗೋವರ್ ಕೂಡ ಜೋರಾಗಿತ್ತು. ಸಾರ ತಿಂದವರಿಗೆ ವಾಕರಿಕೆ, ಬಾಯಿ ಒಣಗುವುದು, ಹಸಿವಿಲ್ಲದಿರುವುದು ಕಡಿಮೆಯಾಗಿದ್ದವು. ಉಳಿದ ಲಕ್ಷಣಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ನಮ್ಮ ಬಾಗಲಕೋಟೆ, ವಿಜಯಪುರದ ಹೊಲದ ಬದುವಿನಲ್ಲೆಲ್ಲ ಪಾಪಾಸುಕಳ್ಳಿ ಇದೆ ನಿಜ. ಅದನ್ನು ಕಿತ್ತು ತಿನ್ನಲು ಹೋಗಬೇಡಿ. ಅಧ್ಯಯನದಲ್ಲಿ ಕೊಟ್ಟದ್ದು ತಯಾರಿಸಿದ ಸಾರ, ಕೊಟ್ಟದ್ದು ಕುಡಿಯುವ ಮೊದಲು. ಬೆಳಿಗ್ಗೆ ಎದ್ದು ಹಣ್ಣಿನ ಮುಳ್ಳು ನಾಲಿಗೆಗೆ ಚುಚ್ಚಿಸಿಕೊಂಡರೆ ಏನೂ ಸಿಗುವುದಿಲ್ಲ.

ಈಗ ಥರ್ಮಾಮೀಟರ್

ನಾನು ತಪ್ಪಿದ್ದು ಇಲ್ಲೇ. ನನ್ನ ಸೋದರಮಾವನ ಮಗ ಮುಧೋಳದ ಕಡೆಯವನು. ಒಂದು ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಗೆಳೆಯನ ಮನೆಯ ವಾಸ್ತುಶಾಂತಿ ಮುಗಿಸಿಕೊಂಡು ರಾತ್ರಿ ಧಾಬಾದಲ್ಲಿ ಕುಡಿದು ಬಂದಿದ್ದ. ಮರುದಿನ ಅತ್ತೆ ಫೋನ್ ಮಾಡಿದರು. "ಕಣ್ಣಿನ ಹಿಂದ ಸಿಡೀತೈತಿ ಅಂತಾನ, ಮೈ ಮುಟ್ಟಗೊಡವಲ್ಲ" ಎಂದರು. ನಾನು ನಗುತ್ತಲೇ ಹೇಳಿದೆ: "ಜಾಸ್ತಿ ಆಗೇತಿ ಅತ್ತಿ. ಮಜ್ಜಿಗಿ ಕೊಡ್ರಿ, ಮಲಗ್ಲಿ." ಎರಡನೇ ದಿನವೂ ಹಾಗೇ ಇತ್ತು. ಅವನು ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಿದ. ನಾಲ್ಕನೇ ದಿನ ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬಂತು. ಆಮೇಲೆ ರಕ್ತ ಪರೀಕ್ಷೆ ಮಾಡಿದರೆ ಡೆಂಗ್ಯೂ. ಪ್ಲೇಟ್‌ಲೆಟ್ 42 ಸಾವಿರಕ್ಕೆ ಇಳಿದಿದ್ದವು. ಅವನು ಉಳಿದುಕೊಂಡ. ಆದರೆ ದಿನಾ ಇಂಥವೇ ರಿಪೋರ್ಟ್ ನೋಡುವ ನಾನು ಮೊದಲ ದಿನ ಅತ್ತೆಗೆ "ಜ್ವರ ನೋಡಿದ್ರೇನು?" ಎಂಬ ಒಂದು ಪ್ರಶ್ನೆ ಕೇಳಲಿಲ್ಲ. ಆ ನೋವು ಇನ್ನೂ ಹೋಗಿಲ್ಲ.

ಹ್ಯಾಂಗೋವರ್‌ನಲ್ಲಿ ಮೈ ಬೆವರುತ್ತದೆ, ಒಮ್ಮೊಮ್ಮೆ ಬಿಸಿ ಅನಿಸುತ್ತದೆ. ಆದರೆ ಥರ್ಮಾಮೀಟರ್ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಅದನ್ನು ಕುಡಿತದ ಖಾತೆಗೆ ಬರೆಯಬೇಡಿ. ಅದು ಜ್ವರ. ಕಾರಣ ಹುಡುಕಬೇಕು. ಮಳೆಗಾಲದಲ್ಲಿ ಮತ್ತು ಅದರ ನಂತರ ಡೆಂಗ್ಯೂ ಮೊದಲು ನೆನಪಿಗೆ ಬರಲಿ. ಮೊದಲ 5 ದಿನಗಳಲ್ಲಿ ಎನ್‌ಎಸ್1 ಪರೀಕ್ಷೆ ಅದನ್ನು ಹಿಡಿಯುತ್ತದೆ, ಜೊತೆಗೆ ರಕ್ತಕಣಗಳನ್ನು ಎಣಿಸುವ ಸಿಬಿಸಿ ಪರೀಕ್ಷೆ ಮಾಡಿಸಿ. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರ ಕಡೆ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆಗ ಜ್ವರದ ಜೊತೆ ತಡಬಡಾಯಿಸಿ ಮಾತಾಡುತ್ತಿದ್ದರೆ ಬಿಸಿಲಿನ ಹೊಡೆತ. ನೆರಳಿಗೆ ತಂದು, ಮೈಮೇಲೆ ನೀರು ಸುರಿದು ಗಾಳಿ ಹಾಕುತ್ತಾ 108ಕ್ಕೆ ಫೋನ್ ಮಾಡಿ. ಕುತ್ತಿಗೆ ಬಾಗಿಸಲು ಆಗದಿದ್ದರೆ, ಅಥವಾ ರಾತ್ರಿ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿದ್ದರೆ, ಕಾಯಬೇಡಿ.

ಮಾತ್ರೆಯ ವಿಷಯ

ತಲೆನೋವು ಬಂತೆಂದರೆ ಕೈ ಹೋಗುವುದೇ ಮಾತ್ರೆಗೆ. ಇದು ಈ ಬರಹದ ಅತಿ ಅಪಾಯದ ಜಾಗ, ಹಾಗಾಗಿ ನಿಧಾನವಾಗಿ ಓದಿ.

ಉರಿಯೂತ ತಗ್ಗಿಸುವ ಮಾತ್ರೆ ಹ್ಯಾಂಗೋವರ್‌ಗೆ ನಾಟುತ್ತದೆ ಎಂಬುದಕ್ಕೆ ಆಧಾರ ಇದೆ. 1983ರಲ್ಲಿ ಫಿನ್ಲೆಂಡ್‌ನಲ್ಲಿ ಟಾಲ್ಫೆನಾಮಿಕ್ ಆಸಿಡ್ ಎಂಬ ಮಾತ್ರೆ ಕೊಟ್ಟು ನೋಡಿದಾಗ ತಲೆನೋವು, ವಾಕರಿಕೆ ಕಡಿಮೆಯಾಗಿದ್ದವು. ಈ ಜಾತಿಯ ಮಾತ್ರೆಗಳು ಪ್ರೋಸ್ಟಾಗ್ಲಾಂಡಿನ್ ಎಂಬ ಉರಿಯೂತದ ಅಣುಗಳನ್ನು ತಡೆಯುತ್ತವೆ. ದೋಷದ ಮೂಲದಲ್ಲಿ ರೋಗನಿರೋಧಕ ವ್ಯವಸ್ಥೆ ಇದೆ ಎನ್ನುವುದಕ್ಕೆ ಇದೂ ಒಂದು ಸಾಕ್ಷಿ.

ಆದರೆ ಅದೇ ಬಳಗದ ಐಬುಪ್ರೊಫೇನ್, ಡೈಕ್ಲೋಫೆನಾಕ್, ಆಸ್ಪಿರಿನ್ ಮಾತ್ರೆಗಳು ಹೊಟ್ಟೆಯ ಒಳಪದರವನ್ನು ಕೆರಳಿಸುತ್ತವೆ. ಮದ್ಯ ಆಗಲೇ ಅದನ್ನು ಸುಟ್ಟಿದೆ. ಎರಡೂ ಸೇರಿದರೆ ಹೊಟ್ಟೆಯಲ್ಲಿ ರಕ್ತ ಒಸರಬಹುದು. ಒಂದು ವೇಳೆ ಅದು ಹ್ಯಾಂಗೋವರ್ ಆಗಿರದೆ ಡೆಂಗ್ಯೂ ಆಗಿದ್ದರೆ ಇದೇ ಮಾತ್ರೆಗಳು ರಕ್ತಸ್ರಾವವನ್ನು ಹೆಚ್ಚಿಸುತ್ತವೆ. ನಮ್ಮ ಹುಡುಗನಿಗೆ ಆದದ್ದು ಇದೇ. ಡೆಂಗ್ಯೂಗೆ ಸರಿಯಾದ ಮಾತ್ರೆ ಪ್ಯಾರಾಸಿಟಮಾಲ್. ಆದರೆ ಕುಡಿದ ಮರುದಿನ, ಅದರಲ್ಲೂ ದಿನಾ ಕುಡಿಯುವವನಿಗೆ, ಪ್ಯಾರಾಸಿಟಮಾಲ್ ಲಿವರ್‌ಗೆ ಭಾರ. ಅದನ್ನು ನಿರ್ವಿಷ ಮಾಡುವ ಗ್ಲುಟಾಥಯೋನ್ ಅಂಥವನ ಲಿವರ್‌ನಲ್ಲಿ ಕಡಿಮೆಯಾಗಿರುತ್ತದೆ.

ನೋಡಿ, ಒಂದಕ್ಕೆ ಸರಿಯಾದದ್ದು ಇನ್ನೊಂದಕ್ಕೆ ತಪ್ಪು. ಅದಕ್ಕೇ ಮೊದಲು ಗಡಿಯಾರ, ಆಮೇಲೆ ಥರ್ಮಾಮೀಟರ್, ಮಾತ್ರೆ ಕೊನೆಗೆ, ಅದೂ ವೈದ್ಯರನ್ನು ಕೇಳಿ. ಭೇದಿಗೆಂದು ಮೆಟ್ರೊನಿಡಜೋಲ್ ಅಥವಾ ಟಿನಿಡಜೋಲ್ ನುಂಗುತ್ತಿದ್ದು ಮೇಲೆ ಕುಡಿದರೆ ಮುಖ ಕೆಂಪೇರಿ, ಎದೆ ಬಡಿದುಕೊಂಡು, ವಾಂತಿಯಾಗಬಹುದು. ಅದನ್ನೂ ಜನ ಹ್ಯಾಂಗೋವರ್ ಎಂದೇ ತಿಳಿಯುತ್ತಾರೆ.

ಕೈ ನಡುಗುತ್ತಿದೆಯೇ?

ವರ್ಷಕ್ಕೆ ನಾಲ್ಕು ಸಲ ಕುಡಿಯುವವನಿಗೆ ಬೆಳಿಗ್ಗೆ ಸ್ವಲ್ಪ ಕೈ ನಡುಗಿದರೆ ಸಂಜೆಯೊಳಗೆ ನಿಲ್ಲುತ್ತದೆ. ದಿನಾ ಕುಡಿಯುವವನು ಒಂದು ದಿನ ಬಿಟ್ಟಾಗ ನಡುಗಿದರೆ ಅದು ಹ್ಯಾಂಗೋವರ್ ಅಲ್ಲ. ಮೆದುಳು ಮದ್ಯಕ್ಕೆ ಒಗ್ಗಿಹೋಗಿದೆ, ಅದು ಸಿಗದೆ ಕೆರಳಿದೆ. ಕೊನೆಯ ಗುಟುಕಿನಿಂದ 6 ಗಂಟೆಯ ನಂತರ ನಡುಕ, ಬೆವರು, ಗಾಬರಿ ಶುರುವಾಗಬಹುದು. 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡು ಮೂರು ದಿನಕ್ಕೆ ಇಲ್ಲದ ಹುಳ, ಇಲ್ಲದ ಜನ ಕಾಣಲು ಶುರುವಾದರೆ ಜೀವಕ್ಕೇ ಅಪಾಯ.

ಪತ್ತೆ ಹಚ್ಚುವ ದಾರಿ ಸರಳ. ಬೆಳಿಗ್ಗೆ ಒಂದು ಪೆಗ್ ಹಾಕಿದ ಕೂಡಲೇ ಎಲ್ಲ ಸರಿಹೋಗುತ್ತದೆ ಎಂದು ಅವನೇ ಹೇಳುತ್ತಾನೆಯೇ? ಹಾಗಿದ್ದರೆ ಅವನನ್ನು ಮನೆಯಲ್ಲಿ ಕೂಡಿಹಾಕಿ ಬಿಡಿಸಲು ಹೋಗಬೇಡಿ. ಹಟ ಹಿಡಿದು ಒಮ್ಮೆಲೇ ನಿಲ್ಲಿಸಿದರೇ ಅಪಾಯ. ಆಸ್ಪತ್ರೆಯಲ್ಲಿ ಔಷಧಿ ಕೊಟ್ಟು, ಬಿ1 ವಿಟಮಿನ್ ಕೊಟ್ಟು ಇಳಿಸುತ್ತಾರೆ. ಎಲ್ಲಿಗೆ ಹೋಗಬೇಕು ಎಂದು ತಿಳಿಯದಿದ್ದರೆ 14446 ಸಹಾಯವಾಣಿಗೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ.

ಹ್ಯಾಂಗೋವರ್ ಇದ್ದವನಿಗೂ ಬೆಳಗಿನ ಪೆಗ್ ಹಿತ ಅನಿಸುವುದಕ್ಕೆ ಕಾರಣ ಇದೆ. ಬಣ್ಣದ ಮದ್ಯದಲ್ಲಿ ಮೆಥನಾಲ್ ಎಂಬ ಇನ್ನೊಂದು ಜಾತಿಯ ಮದ್ಯಸಾರ ಸೂಕ್ಷ್ಮ ಪ್ರಮಾಣದಲ್ಲಿ ಇರುತ್ತದೆ. ಲಿವರ್ ಮೊದಲು ಸಾಮಾನ್ಯ ಮದ್ಯವನ್ನು ಒಡೆದು, ಆಮೇಲೆ ಮೆಥನಾಲ್‌ಗೆ ಕೈ ಹಾಕುತ್ತದೆ. ಅದರಿಂದ ಹುಟ್ಟುವ ಫಾರ್ಮಿಕ್ ಆಸಿಡ್ ಕೂಡ ಸಂಕಟ ಕೊಡುತ್ತದೆ. ಮತ್ತೆ ಮದ್ಯ ಬಿದ್ದರೆ ಆ ಕೆಲಸ ಮುಂದಕ್ಕೆ ಹೋಗುತ್ತದೆ. ಸಂಕಟ ಹೋಗಲಿಲ್ಲ, ಸಂಜೆಗೆ ಸರಿಯಿತು ಅಷ್ಟೇ.

ಕಳ್ಳಬಟ್ಟಿ ಕುಡಿದಿದ್ದರೆ ಮೆಥನಾಲ್ ಸೂಕ್ಷ್ಮ ಪ್ರಮಾಣದಲ್ಲಲ್ಲ, ಜಾಸ್ತಿಯೇ ಇರಬಹುದು. ಸಾರಾಯಿ ನಿಷೇಧವಾದದ್ದು 2007ರಲ್ಲಿ, ಆದರೂ ಕದ್ದು ಕಾಯಿಸುವುದು ಪೂರ್ತಿ ನಿಂತಿಲ್ಲ. ಕುಡಿದು ಅರ್ಧ ದಿನದ ನಂತರ ಕಣ್ಣು ಮಂಜಾದರೆ, ಹೊಟ್ಟೆ ಹಿಡಿದುಕೊಂಡರೆ, ಉಸಿರು ಜೋರಾದರೆ ಒಂದು ನಿಮಿಷವೂ ತಡಮಾಡಬೇಡಿ. ಜೊತೆಗೆ ಕುಡಿದ ಎಲ್ಲರನ್ನೂ ಕರೆದುಕೊಂಡು ಹೋಗಿ.

ಸಕ್ಕರೆ ಕಾಯಿಲೆ ಇದ್ದರೆ

ಮದ್ಯ ಕರಗಿಸುವ ಹೊತ್ತಿನಲ್ಲಿ ಲಿವರ್ ಹೊಸ ಸಕ್ಕರೆ ತಯಾರಿಸುವುದಿಲ್ಲ. ಊಟ ಬಿಟ್ಟು ಕುಡಿದವನು, ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವನು ಬೆಳಿಗ್ಗೆ ಬೆವರಿ, ಮಂಕಾಗಿ, ತೊದಲುತ್ತಿದ್ದರೆ ಗ್ಲುಕೋಮೀಟರ್ ಹಚ್ಚಿ. 70ಕ್ಕಿಂತ ಕಡಿಮೆ ಇದ್ದರೆ ಎಚ್ಚರ ಇರುವಾಗಲೇ ಸಕ್ಕರೆ ನೀರು ಕುಡಿಸಿ. ಎಚ್ಚರ ಇಲ್ಲದಿದ್ದರೆ ಬಾಯಿಗೆ ಏನೂ ಹಾಕದೆ 108.

ಬರೀ ಹ್ಯಾಂಗೋವರ್ ಎಂದು ಖಾತ್ರಿಯಾದರೆ

ಆಗ ದೊಡ್ಡ ಔಷಧಿ ಸಮಯ. ಓಆರ್‌ಎಸ್ ಅಥವಾ ಉಪ್ಪು ಹಾಕಿದ ಮಜ್ಜಿಗೆ ಸ್ವಲ್ಪ ಸ್ವಲ್ಪವಾಗಿ ಕುಡಿಯಿರಿ. ಹೊಟ್ಟೆ ಒಪ್ಪಿದ ಮೇಲೆ ಜೋಳದ ನುಚ್ಚು, ಮೊಸರು. ಖಾರದ ಮಿರ್ಚಿ ಭಜಿ ಆ ದಿನ ಬೇಡ. ನಿದ್ದೆ ಮಾಡಿ, ಯಾಕೆಂದರೆ ಕುಡಿದ ರಾತ್ರಿಯ ನಿದ್ದೆ ನಿದ್ದೆಯೇ ಅಲ್ಲ. ಹೊಲಕ್ಕೆ ಹೋಗಿ ಬೆವರು ಸುರಿಸಿದರೆ ಇಳಿಯುತ್ತದೆ ಎಂದು ಹಿರಿಯರು ಹೇಳುವುದುಂಟು. ನಾನು ಅದನ್ನು ಒಪ್ಪುವುದಿಲ್ಲ. ಬೆವರಿನಲ್ಲಿ ಸೈಟೋಕೈನ್ ಹರಿದು ಹೋಗುವುದಿಲ್ಲ, ಇದ್ದ ನೀರು ಮಾತ್ರ ಹೋಗುತ್ತದೆ.

ಇನ್ನೊಂದು ವಿಷಯ. ಎಚ್ಚರಿಕೆ ಗಂಟೆ ಜೋರಾಗಿ ಬಾರಿಸಿದೆ ಎಂದರೆ ಕಾವಲು ಗಟ್ಟಿಯಾಗಿದೆ ಎಂದಲ್ಲ. 2015ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಒಮ್ಮೆಲೇ ಜಾಸ್ತಿ ಕುಡಿದ ಯುವಕ ಯುವತಿಯರ ರಕ್ತದಲ್ಲಿ ಮೊದಲ 20 ನಿಮಿಷ ರೋಗನಿರೋಧಕ ಕೋಶಗಳು ಏರಿದ್ದವು. 2 ಗಂಟೆ ಮತ್ತು 5 ಗಂಟೆಗೆ ನೋಡಿದಾಗ ಮಾನೋಸೈಟ್‌ಗಳೆಂಬ ಬಿಳಿ ರಕ್ತಕಣಗಳು, ಸೋಂಕಿತ ಕೋಶಗಳನ್ನು ಕೊಲ್ಲುವ ಕೋಶಗಳು ಕಡಿಮೆಯಾಗಿದ್ದವು. ಗಾಯ ಇದ್ದವರು, ಎದೆಯಲ್ಲಿ ಕಫ ಕಟ್ಟಿದವರು ಕುಡಿದರೆ ಯಾಕೆ ವಾಸಿಯಾಗುವುದು ತಡವಾಗುತ್ತದೆ ಎನ್ನುವುದಕ್ಕೆ ಇದರಲ್ಲಿ ಸುಳಿವು ಇದೆ.

ಲ್ಯಾಬ್‌ಗೆ ಬರುವಾಗ

ಕುಡಿದ ಮರುದಿನ ಸುಮ್ನೆ ಫುಲ್ ಬಾಡಿ ಚೆಕಪ್ ಮಾಡಿಸಬೇಡಿ. ಸಿಆರ್‌ಪಿ ಏರಿರಬಹುದು, ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು ಏರಿರಬಹುದು, ಸಕ್ಕರೆ ಇಳಿದಿರಬಹುದು. ರಿಪೋರ್ಟ್ ನೋಡಿ ಇಲ್ಲದ ರೋಗಕ್ಕೆ ಹೆದರುತ್ತೀರಿ. ಎರಡು ಮೂರು ದಿನ ಬಿಟ್ಟು ಬನ್ನಿ. ಜ್ವರ ಇದ್ದರೆ ಮಾತ್ರ ಕಾಯಬೇಡಿ, ಅದೇ ದಿನ ಬನ್ನಿ. ಬಂದಾಗ ಕುಡಿದದ್ದನ್ನು ಮುಚ್ಚಿಡಬೇಡಿ. ಪಕ್ಕದಲ್ಲಿ ಅವ್ವ ಕೂತಿರುತ್ತಾಳೆ, ಹೆಂಡತಿ ಕೂತಿರುತ್ತಾಳೆ, ಬಾಯಿ ಬಿಟ್ಟು ಹೇಳಲು ಮುಜುಗರ, ನನಗೆ ಗೊತ್ತು. ಅದಕ್ಕೇ ನಮ್ಮ ಟೇಬಲ್ ಮೇಲೆ ಹಾಳೆಯ ಚೂರುಗಳನ್ನು, ಒಂದು ಪೆನ್ನನ್ನು ಇಟ್ಟಿದ್ದೇನೆ. ಎಷ್ಟು ಕುಡಿದಿರಿ, ಎಷ್ಟು ಗಂಟೆಗೆ ನಿಲ್ಲಿಸಿದಿರಿ, ಯಾವ ಮಾತ್ರೆ ನುಂಗಿದಿರಿ, ಈ ಮೂರನ್ನು ಬರೆದು ಮಡಚಿ ಕೊಡಿ. ರಿಪೋರ್ಟ್ ಜೊತೆ ಅದನ್ನು ನಾನು ನೇರ ವೈದ್ಯರ ಕೈಗೆ ಕೊಡುತ್ತೇನೆ.